ಕೊಯ್ದವನಿಗೆ ಕಲ್ಲು

ನಮ್ಮ ಭಾವ ಪಾನೂಫಿಯ ಕಸುಬು ಹೆಣದ ಎಡಮಗ್ಗುಲು ಕೊಯ್ಯುವುದು. ಕೊಯ್ದರೆ ತಾನೇ ಕರುಳು ತೆಗೆದು, ಉಪ್ಪು ತುಂಬಿ ಹೆಣ ಕೊಳೆಯದ ಹಾಗೆ ಒಣಗಿಸುವುದು! ಆದರೂ ಸತ್ತವರ ಮೈಗೆ ಗಾಯ ಮಾಡುವುದು ಪಾಪ. ಅದಕ್ಕೇ ಕೊಯ್ದ ಕೂಡಲೇ ಅವನು ಓಡಬೇಕು, ಕರೆಸಿದ ಮನೆಯವರೇ ಬೈಯುತ್ತ ಕಲ್ಲೆಸೆಯಬೇಕು. ಅಲೆಕ್ಸಾಂಡ್ರಿಯದ ಓಣಿಗಳಲ್ಲಿ ಭಾವ ಮೊಲದಂತೆ ಓಡುತ್ತಿದ್ದ. ಸಂಜೆ ಅದೇ ಮನೆಯವರು ಅವನಿಗೆ ಬಿಯರ್ ಕಳಿಸುತ್ತಿದ್ದರು.

ಒಮ್ಮೆ ಗ್ರೀಕ್ ವೈದ್ಯ ಲೈಕೋನ್ ಅವನನ್ನು ಕರೆಸಿದ. ಮನುಷ್ಯನೊಳಗೆ ಏನೇನಿದೆ ಎಂದು ಹೆಣ ಕೊಯ್ದು ಶಿಷ್ಯರಿಗೆ ತೋರಿಸುತ್ತಾನಂತೆ. ಕೊಯ್ಯುವುದು ಅವನಿಗೆ ಹೊಸ ಕೆಲಸ, ಧೈರ್ಯಕ್ಕೆ ಭಾವ ಪಕ್ಕದಲ್ಲಿರಬೇಕಂತೆ. ನಾನೂ ಜೊತೆಗೆ ಹೋದೆ.

"ಚೆನ್ನಾಗಿ ಓಡ್ತೀರಾ, ವೈದ್ಯರೇ?" ಎಂದು ಭಾವ ಕೇಳಿದ.

"ಓಡೋದ್ಯಾಕೆ? ನಿಂತ್ಕೊಂಡು ಪಾಠ ಹೇಳ್ತೀನಿ" ಎಂದು ಲೈಕೋನ್ ನಕ್ಕು ಚಾಕು ಹಾಕಿದ. ಹಾಕಿದವನು ಅಲ್ಲೇ ನಿಂತ. ಶಿಷ್ಯರು ಕೊಕ್ಕರೆಗಳ ಹಾಗೆ ಕತ್ತು ಚಾಚಿದರು. ಒಬ್ಬನ ಕೈಯಲ್ಲೂ ಕಲ್ಲಿಲ್ಲ! ಓದಿದವರಂತೆ, ಮರ್ಯಾದೆ ಬೇಡವೇ?

ಭಾವ ಚಡಪಡಿಸಿದ. "ಪಾಪ, ಸತ್ತವನಿಗೆ ಯಾರೂ ದಿಕ್ಕಿಲ್ವಾ?" ಎನ್ನುತ್ತ ಅಂಗಳದಿಂದ ಮಣ್ಣಹೆಂಟೆ ತಂದು ವೈದ್ಯನ ಬೆನ್ನಿಗೆ ಬೀಸಿದ.

"ಅಯ್ಯೋ! ಯಾಕಯ್ಯಾ ಹೊಡೀತೀಯ?"

"ಓಡಿ ಸ್ವಾಮಿ, ಓಡಿ! ಆಮೇಲೆ ಬಂದು ನಿಧಾನವಾಗಿ ನೋಡೋರಂತೆ!"

ವೈದ್ಯ ಅಂಗಳಕ್ಕೆ ಒಂದು ಸುತ್ತು ಓಡಿ ಬಂದು, ಏದುಸಿರು ಬಿಡುತ್ತಲೇ ಪಾಠ ಶುರುಮಾಡಿದ.

ಮನೆಗೆ ಬರುವಾಗ ಭಾವ ಕೈಯ ಮಣ್ಣನ್ನೂ ಒರೆಸಿಕೊಂಡಿರಲಿಲ್ಲ. "ಲೋ, ಎಸೆಯೋದು ಇಷ್ಟು ಮಜಾ ಅಂತ ಈ ಊರಿನ ನನ್ಮಕ್ಕಳು ಒಬ್ರೂ ಹೇಳಿರ್ಲಿಲ್ವಲ್ಲೋ!" ಎಂದ.