ಸಕ್ಕರೆ ತುಂಬಿದ ಡಬ್ಬಿ

ಕಳವಾ ಎಂಬ ಊರಿನಲ್ಲಿರುವ ನಮ್ಮ ಕೋಣೆ ಮೊದಲು ರಸ್ತೆಗೆ ಸಮನಾಗಿತ್ತು. ರಸ್ತೆಯ ಮೇಲೆ ರಸ್ತೆ ಬಿದ್ದು ಎತ್ತರವಾಗಿ ಈಗ ಒಳಗೆ ಬರಲು ಮೆಟ್ಟಿಲು ಇಳಿಯಬೇಕು. ಒಂದೇ ಕಿಟಕಿ, ಅದರಾಚೆ ಗಟಾರದ ಗೋಡೆ.

ನನ್ನ ಗಂಡ ಬೀಡಿ ಸಿಗರೇಟು ಮುಟ್ಟಿದವರಲ್ಲ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಹೋದರು. ಯಾಕೆ ಬಂತು ಎಂದು ಕೇಳಿದ್ದಕ್ಕೆ ಡಾಕ್ಟರರು ಹಲವು ಕಾರಣ ಹೇಳಿದರು. ನೆಲದಿಂದ ಏಳುವ ರೇಡಾನ್ ಎಂಬ ಅನಿಲವೂ ಇರಬಹುದು, ಅದಕ್ಕೆ ವಾಸನೆಯಿಲ್ಲ, ಗಾಳಿಯಾಡದ ಕೋಣೆಯಲ್ಲಿ ಸೇರಿಕೊಳ್ಳುತ್ತದೆ ಎಂದರು. ಉಳಿದದ್ದೆಲ್ಲ ಮರೆತೆ, ಇದೊಂದು ನಿಂತಿತು. ಮಗಳು ಅದೇ ಕೋಣೆಯಲ್ಲಿ ಮಲಗುತ್ತಾಳೆ.

ನಮ್ಮ ಕನ್ನಡ ಸಂಘಕ್ಕೆ ಬರುವ ಒಬ್ಬ ಮೇಡಂ ಕಲ್ಯಾಣ ಊರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾರೆ. ತಮ್ಮ ಅಧ್ಯಯನಕ್ಕೆಂದು ಊರವರ ಕೆಲವು ಮನೆಗಳಲ್ಲಿ ಪುಟ್ಟ ಪ್ಲಾಸ್ಟಿಕ್ ಡಬ್ಬಿ ತೂಗುಹಾಕಿದರು. ನಾನೇ ಕೇಳಿಕೊಂಡು ನಮ್ಮಲ್ಲೂ ಹಾಕಿಸಿದೆ. ಒಳಗಿನ ಫಿಲ್ಮಿನ ತುಂಡಿನ ಮೇಲೆ ರೇಡಾನ್ ಕಣ್ಣಿಗೆ ಕಾಣದ ಗುರುತು ಬಿಡುತ್ತದಂತೆ, ಲ್ಯಾಬಿನಲ್ಲಿ ಅದನ್ನು ಎಣಿಸುತ್ತಾರಂತೆ. ಮಳೆಗಾಲ ಮುಗಿಯುವವರೆಗೆ ಯಾರೂ ಮುಟ್ಟಬಾರದು.

ಅತ್ತೆ ಆಗ ಕಾಮೋಠೆಯಲ್ಲಿ ನಾದಿನಿಯ ಮನೆಯಲ್ಲಿದ್ದರು. ಬಂದ ಮೇಲೆ, ಮೇಡಂ ಅವರ ಡಬ್ಬಿ, ಮುಟ್ಟಬೇಡಿ ಎಂದಷ್ಟೇ ಹೇಳಿದೆ. ಅವರು ಮುಟ್ಟಲಿಲ್ಲ. ಜೇಡರ ಬಲೆ ತೆಗೆಯುವಾಗಲೂ ಅದನ್ನು ಬಿಟ್ಟು ಸುತ್ತಲೂ ಗುಡಿಸುತ್ತಿದ್ದರು.

ನವರಾತ್ರಿ ಕಳೆದ ಮೇಲೆ ಮೇಡಂ ಫೋನ್ ಮಾಡಿ, ಭಾನುವಾರ ಬಂದು ಡಬ್ಬಿ ಒಯ್ಯುತ್ತೇನೆ ಎಂದರು. ಅದನ್ನು ಅತ್ತೆಗೂ ಹೇಳಿದೆ. ಆ ದಿನ ನಾನು ತರಕಾರಿ ತಂದು ಮೆಟ್ಟಿಲು ಇಳಿಯುವಾಗ ಮೇಡಂ ಡಬ್ಬಿ ಹಿಡಿದು ಕೂತಿದ್ದರು. ಡಬ್ಬಿ ಹೊಳೆಯುತ್ತಿತ್ತು. ಒಳಗೆ ತುಂಬ ಸಕ್ಕರೆ.

"ಬೇರೆಯವರ ಡಬ್ಬಿ ಖಾಲಿ ಕೊಡ್ಲಿಕ್ಕೆ ಉಂಟಾ?" ಎಂದರು ಅತ್ತೆ. "ಒಳಗೆ ಎಂಥದೋ ಚೂರು ಅಂಟಿತ್ತು. ಕೆರೆದು ತೆಗೆದು ಚೆಂದ ಮಾಡಿ ತೊಳ್ದಿದ್ದೇನೆ."

ಕಸದ ಗಾಡಿ ಬೆಳಿಗ್ಗೆಯೇ ಬಂದುಹೋಗಿತ್ತು.

ಇರಲಿ ಅಮ್ಮ ಎಂದು ಮೇಡಂ ಚಹಾ ಕುಡಿದು ಎದ್ದರು. ಹೊರಗೆ ಹೋಗಿ ಇನ್ನೊಂದು ಡಬ್ಬಿ ಕೇಳಿದೆ. ತಂದ ಫಿಲ್ಮೆಲ್ಲ ಮುಗಿದಿದೆ, ಕೆಲಸವೂ ಇಲ್ಲಿಗೆ ಮುಗಿಯಿತು ಎಂದರು. ಉಳಿದ ಮನೆಗಳ ಲೆಕ್ಕದಿಂದ ನಮ್ಮದನ್ನು ಹೇಳಲಾಗುವುದಿಲ್ಲವಂತೆ. ಕಿಟಕಿ ತೆರೆದಿಡಿ ಎಂದರು.

ಅಡುಗೆಮನೆಯಲ್ಲಿ ಮಗಳು ಮೆಲ್ಲಗೆ, "ಅಜ್ಜಿ ನೇ ತೋ ರಿಪೋರ್ಟ್ ಹೀ ಧೋ ಡಾಲಾ" ಎಂದಳು, ಅಜ್ಜಿ ರಿಪೋರ್ಟನ್ನೇ ತೊಳೆದುಬಿಟ್ಟರು ಎಂದು. ನಗಲು ನೋಡಿದಳು, ಆಗಲಿಲ್ಲ.

ಅತ್ತೆಗೆ ನಾವು ಹೇಳಲಿಲ್ಲ. ಹೋದವರು ಅವರ ಮಗ. ಆ ಮಗನನ್ನು ಕೊಂದದ್ದು ಈ ಕೋಣೆಯೋ ಅಲ್ಲವೋ ಎಂದು ತಿಳಿಯಲು ಇದ್ದದ್ದು ಅದೊಂದೇ ಚೂರು ಎಂದು ಯಾವ ಬಾಯಿಂದ ಹೇಳುವುದು?

ಕೆಲವು ದಿನ ಬಿಟ್ಟು, ಮೇಡಂ ಈ ಕೋಣೆಯಲ್ಲಿ ಏನು ನೋಡಲಿಕ್ಕೆ ಡಬ್ಬಿ ಹಾಕಿದ್ದು, ಏನಾದರೂ ಕೆಟ್ಟದ್ದು ಸಿಕ್ಕಿತಾ ಎಂದು ಅವರೇ ಕೇಳಿದರು. ಏನೂ ಗೊತ್ತಾಗಲಿಲ್ಲವಂತೆ ಎಂದೆ.

"ಏನಾದ್ರೂ ಇದ್ದಿದ್ರೆ ಹೇಳದೆ ಇರ್ತಿದ್ರಾ?" ಎಂದು ಅವರು ಎದ್ದರು. ಮಗಳ ಮಂಚವನ್ನು ಒಳಗೋಡೆಗೆ, ನನ್ನ ಗಂಡ ಮಲಗುತ್ತಿದ್ದ ಜಾಗಕ್ಕೆ ಎಳೆಯತೊಡಗಿದರು. ಫ್ಯಾನಿನ ಗಾಳಿ ಅಲ್ಲಿಗೇ ಚೆನ್ನಾಗಿ ಬರುತ್ತದೆ. ಒಬ್ಬರಿಂದ ಆಗುತ್ತಿರಲಿಲ್ಲ. ಇನ್ನೊಂದು ತುದಿಯನ್ನು ನಾನು ಹಿಡಿದೆ.