ಖಾಲಿ ಬಲೂನಿನ ಪರೀಕ್ಷೆ

ಮುಂಬಯಿ ಪಕ್ಕದ ಠಾಣೆ ಊರಿನ ನೌಪಾಡಾದಲ್ಲಿ, ಎರಡು ಕೋಣೆಯ ಆಫೀಸಿನಲ್ಲಿ ನನ್ನ ಕೆಲಸ ಬಲೂನು ತುಂಬುವುದಾಗಿತ್ತು. ಮಕ್ಕಳ ಕಾಮಿಕ್ಸಿನಲ್ಲಿ ರಾಜನೋ ರಾಕ್ಷಸನೋ ಬಾಯಿ ಬಿಟ್ಟಾಗ ಪಕ್ಕದಲ್ಲಿ ಮೂಡುವ ಮಾತಿನ ಬಲೂನುಗಳಲ್ಲಿ ಕನ್ನಡ ಅಕ್ಷರ ಬರೆಯುತ್ತಿದ್ದೆ. ಒಂದು ಒತ್ತಕ್ಷರ ಗೆರೆ ದಾಟಿದರೂ ನಮ್ಮ ಸಂಪಾದಕರ ಮೂಗು ಕೆಂಪಾಗುತ್ತಿತ್ತು. ಠಾಣೆ, ಕಲ್ಯಾಣದ ಕನ್ನಡ ಮನೆಗಳ ಎಷ್ಟೋ ಮಕ್ಕಳು ಅವರ ಪುಸ್ತಕ ಹಿಡಿದೇ ಓದಲು ಕಲಿತವರು. ನನ್ನ ಮಕ್ಕಳೂ ಅವರಲ್ಲಿದ್ದಾರೆ.

ಸಂಪಾದಕರದೊಂದು ಹಟವಿತ್ತು. ಪುಟ ನನ್ನ ಕೈಗೆ ಬರುವ ಮೊದಲು, ಬಲೂನು ಖಾಲಿ ಇರುವಾಗಲೇ, ಕಟ್ಟಡದ ಯಾವುದಾದರೂ ಮಗುವಿನ ಮುಂದೆ ಹಿಡಿದು, "ಏನಾಗ್ಯದ ಹೇಳು" ಎನ್ನುತ್ತಿದ್ದರು. ಮಗು ಕಥೆ ಹೇಳಿದರೆ ಪುಟ ಪಾಸು. ತಡವರಿಸಿದರೆ ಚಿತ್ರ ಮತ್ತೆ ಬರೆಯಬೇಕು.

"ಹಾಗಾದರೆ ನನ್ನ ಅಕ್ಷರ ಯಾಕೆ ಸರ್, ದಂಡಕ್ಕಾ?" ಎಂದು ಒಮ್ಮೆ ರೇಗಿದ್ದೆ.

"ಚಿತ್ರ ಮಗೂನ್ನ ಒಳಗ ಕರೀತದ ತಂಗಿ. ಕೂಡಿಸ್ಕೊಳ್ಳೋದು ಮಾತು."

ನಂಬಿದೆ. ಆಮೇಲೆ ಕೊಳ್ಳುವವರೇ ಇಲ್ಲದೆ ಪುಸ್ತಕಗಳು ನಿಂತವು. ಅವರು ಮಗನ ಸಂಸಾರದ ಜೊತೆ ಟಿಟ್ವಾಳಾಕ್ಕೆ ಹೋದರು.

ಮೊನ್ನೆ ಅವರ ಫೋನು ಬಂತು. ಅಚ್ಚಾಗದೆ ಉಳಿದ ಕೊನೆಯ ಕಥೆಗೆ ಅಕ್ಷರ ಬರೆದುಕೊಡಬೇಕಂತೆ. "ಮೊಮ್ಮಗಳಿಗೆ ಅಕ್ಷರ ಕಲಿಸೀನಿ. ಊರ ಮಕ್ಕಳು ಓದಿದ್ರು, ನಮ್ಮ ಮನ್ಯಾಗ ಒಬ್ಬರರೆ ಓದಬೇಕಲ್ಲ?" ಎಂದರು. ಕೂತು ಬರೆದೆ. ಪುಟಗಳನ್ನು ಎದೆಗವಚಿಕೊಂಡು ಡೊಂಬಿವಲಿಯಲ್ಲಿ ಟಿಟ್ವಾಳಾದ ಲೋಕಲ್ ರೈಲು ಹತ್ತಿದೆ.

ಮೊಮ್ಮಗಳು ಸೋಫಾದಲ್ಲಿ ಕಾಲು ಮಡಚಿ ಕುಳಿತು ಪುಟ ತಿರುವಿದಳು. ನಗಬೇಕಾದಲ್ಲಿ ನಕ್ಕಳು. ರಾಕ್ಷಸ ಒಬ್ಬಂಟಿಯಾಗುವ ಕೊನೆಯ ಪುಟಕ್ಕೆ ಕಣ್ಣೂ ತುಂಬಿತು. ಅಜ್ಜನ ಮುಖ ಅರಳಿದ್ದನ್ನು ಎಷ್ಟೋ ವರ್ಷದ ನಂತರ ನೋಡಿದೆ.

"ರಾಕ್ಷಸ ಕಡೀಕ ಏನಂದ, ಓದು ನೋಡೋಣು?"

"ಪಢಾ ನಹೀಂ, ಅಜ್ಜಾ. ಪಿಕ್ಚರ್ ಸೇ ಹೀ ಸಬ್ ಸಮಝ್ ಆ ಗಯಾ."

ಒಂದು ಬಲೂನನ್ನೂ ಓದಿರಲಿಲ್ಲ. ಚಿತ್ರ ನೋಡಿಯೇ ಅವಳಿಗೆ ಎಲ್ಲ ತಿಳಿದಿತ್ತು. ಬೇಕಿದ್ದರೆ ಕೇಳಿ ಎಂಬಂತೆ ಇಡೀ ಕಥೆಯನ್ನು ಹಿಂದಿಯಲ್ಲಿ ಹೇಳಿದಳು, ಎಲ್ಲೂ ತಪ್ಪಲಿಲ್ಲ. ನನಗೆ ಸಿಟ್ಟು ಬಂತು, ಅಳುವೂ ಬಂತು. ಆ ಕೂಸನ್ನು ಬೈದು ಏನು ಪ್ರಯೋಜನ?

ಅವರು ಪುಟಗಳನ್ನು ಒಟ್ಟು ಮಾಡಿ ನನ್ನ ಕೈಗೆ ವಾಪಸು ಕೊಟ್ಟರು.

"ಪಾಸ್ ಆತು, ತಂಗಿ," ಎಂದರು. ನನ್ನ ಮುಖ ನೋಡಲಿಲ್ಲ.