ತಡವಾಗಿ ಬೀಳೋ ಏಟು

ಮೌಸ್ ಹಿಡಿದು ತಮಟೆ ಬಾರಿಸೋಕೆ ಆಗಲ್ಲ. ಇಷ್ಟು ತಿಳ್ಕೊಳ್ಳೋಕೆ ನನ್ನ ಅರ್ಧ ಬೇಸಿಗೆ ರಜೆ ಹಾಳಾಯ್ತು. ನಾನು ಅರಸೀಕೆರೆಯ ಒಂದು ಹೈಸ್ಕೂಲಲ್ಲಿ ವಿಜ್ಞಾನ ಹೇಳ್ಕೊಡೋಳು. ಬಿಡುವು ಸಿಕ್ಕಾಗ ಲ್ಯಾಪ್‌ಟಾಪಲ್ಲಿ ಹಾಡುಗಳಿಗೆ ತಾಳ ಕೂರಿಸ್ತೀನಿ. ನಮ್ಮ ಬುದ್ಧ ವಿಹಾರದಲ್ಲಿ ಹಾಡೋ ಹೆಂಗಸರ ಗುಂಪೊಂದಿದೆ. ಆ ವರ್ಷದ ಬುದ್ಧ ಹುಣ್ಣಿಮೆ ಕಾರ್ಯಕ್ರಮಕ್ಕೆ ಅವರೇ ಒಂದು ಹಾಡು ಕಟ್ಟಿ, ತಮಟೆ ತಾಳ ನೀನು ಮಾಡ್ಕೊಡು ಅಂತ ನನ್ನ ತಲೆಗೆ ಕಟ್ಟಿದ್ರು.

ಪರದೆ ಮೇಲೆ ಉದ್ದಕ್ಕೂ ಗೆರೆಗಳಿರುತ್ತೆ. ಒಂದೊಂದು ಗೆರೆ ಮೇಲೆ ಒಂದೊಂದು ಕ್ಲಿಕ್ ಮಾಡಿದ್ರೆ ಅಲ್ಲೊಂದು ಏಟು ಬೀಳುತ್ತೆ. ತಮಟೆ ದನಿಯೇನೋ ಅಸಲಿದೇ, ಬಾರಿಸೋ ಒಂದು ತಂಡದವರ ಹತ್ರ ಹೋಗಿ ಒಂಟಿ ಏಟುಗಳನ್ನ ಮೆಲ್ಲಗಿಂದ ಜೋರಿನವರೆಗೆ ರೆಕಾರ್ಡ್ ಮಾಡ್ಕೊಂಡು ಬಂದಿದ್ದೆ. ಹೆಮ್ಮೆಯಿಂದ ವಿಹಾರಕ್ಕೆ ಹೋಗಿ ಕೇಳಿಸಿದೆ. ಗುಂಪಿನ ಹಿರಿಯಕ್ಕ ಕಣ್ಣು ಮುಚ್ಚಿ ಪೂರ್ತಿ ಕೇಳಿ, ಹಿಟ್ಟಿನ ಗಿರಣಿ ಮುಂದೆ ನಿಂತಂಗೈತೆ ಕಣವ್ವ ಅಂದ್ಲು. ನನಗೆ ಮೈಯೆಲ್ಲ ಉರಿದು ಹೋಯ್ತು. ಮನೆಗೆ ಬಂದು ಇನ್ನೊಂದು ಸಲ ಕೇಳಿದೆ. ಗಿರಣಿನೇ. ಇನ್ನಷ್ಟು ಉರೀತು.

ಕೈ ಬೇಕಿತ್ತು ಅದಕ್ಕೆ. ಯಾರದೋ ಕೈ ಅಲ್ಲ, ನಮ್ಮಪ್ಪನ ಕೈ.

ಅಪ್ಪ ಗಣಿತದ ಮೇಷ್ಟ್ರಾಗಿದ್ದು ರಿಟೈರ್ ಆದವನು. ಚಿಕ್ಕಂದಿನಲ್ಲಿ ಊರಲ್ಲಿ ತಾತನ ಹಿಂದೆ ತಮಟೆ ಹೊತ್ಕೊಂಡು ತಿರುಗಿದವನು. ಹಬ್ಬಕ್ಕೂ ಸಾವಿಗೂ ನಮ್ಮೋರೇ ಬಾರಿಸಬೇಕು ಅನ್ನೋದು ಊರಿನ ಕಟ್ಟಳೆ. ಮೇಷ್ಟ್ರ ಕೆಲಸದ ಆರ್ಡರು ಕೈಗೆ ಬಂದ ದಿನ, ಹದ ಬರಲಿ ಅಂತ ತಮಟೆ ಕಾಯಿಸ್ತಾರಲ್ಲ, ಆ ಬೆಂಕಿಗೇ ತನ್ನ ತಮಟೆ ಹಾಕಿ ಊರು ಬಿಟ್ಟನಂತೆ. ಅವತ್ತಿಂದ ಇವತ್ತಿನವರೆಗೂ ಚರ್ಮದ ವಾದ್ಯ ಮುಟ್ಟಿಲ್ಲ. ಆದ್ರೆ ಬೆರಳು ಸುಮ್ಮನಿರಬೇಕಲ್ಲ. ಊಟಕ್ಕೆ ಕೂತ್ರೆ ಮೇಜಿನ ಮೇಲೆ, ಬಸ್ಸಲ್ಲಿ ಕೂತ್ರೆ ಮುಂದಿನ ಸೀಟಿನ ಕಂಬಿ ಮೇಲೆ, ಅದೇ ತಾಳ. ಎರಡು ಸಣ್ಣ ಏಟು, ಆಮೇಲೊಂದು ದೊಡ್ಡದು. ಆ ಮೂರನೇ ಏಟು ಮಾತ್ರ ಬೀಳಬೇಕಾದ ಜಾಗಕ್ಕಿಂತ ಕೂದಲೆಳೆಯಷ್ಟು ತಡವಾಗಿ ಬೀಳೋದು. ಬಿತ್ತೋ ಇಲ್ಲವೋ ಅನ್ನೋ ಹೊತ್ತಿಗೆ ಧಂ ಅಂತ ಬೀಳೋದು. ನಾನು ಆ ಏಟು ಕೇಳ್ಕೊಂಡೇ ಬೆಳೆದೋಳು. ನನ್ನ ಪಾಲಿಗೆ ಸೊಗಸು ಅಂದ್ರೆ ಅದೇ.

ಎರಡು ವರ್ಷದಿಂದ ಅಪ್ಪನ ಬಲಗೈ ನಡುಗ್ತಿದೆ. ಲೋಟ ಹಿಡಿದ್ರೆ ಕಾಫಿ ತುಳುಕುತ್ತೆ. ಇದು ಹೆಚ್ಚಾಗ್ತಾ ಹೋಗುತ್ತೆ, ಕಮ್ಮಿಯಂತೂ ಆಗಲ್ಲ ಅಂತ ಡಾಕ್ಟರು ಹೇಳಿಬಿಟ್ಟಿದ್ದಾರೆ. ಆ ಕೈ ಪೂರ್ತಿ ಹೋಗೋದ್ರೊಳಗೆ ಆ ಏಟನ್ನ ಹಿಡಿದಿಡಬೇಕು ಅನ್ನೋದೊಂದೇ ನನ್ನ ತಲೇಲಿ ಕೂತಿತ್ತು. ಕೋಲು ಹಿಡಿಯೋಕೆ ಅವನ ಕೈಲಿ ಆಗಲ್ಲ, ಆಗ್ತಿದ್ರೂ ತಮಟೆ ಮುಟ್ಟಲ್ಲ. ಉಳಿದಿದ್ದು ಡ್ರಮ್ ಪ್ಯಾಡ್. ಅದೊಂದು ಚಪ್ಪಟೆ ಪೆಟ್ಟಿಗೆ, ಮೇಲೆ ರಬ್ಬರಿನ ಚೌಕಗಳು. ಅದಕ್ಕೆ ಸ್ವಂತ ದನಿ ಇಲ್ಲ. ಬೆರಳಲ್ಲಿ ತಟ್ಟಿದ್ರೆ, ಯಾವಾಗ ತಟ್ಟಿದ್ರು, ಎಷ್ಟು ಜೋರಾಗಿ ತಟ್ಟಿದ್ರು ಅನ್ನೋದನ್ನ ಲ್ಯಾಪ್‌ಟಾಪಿಗೆ ಮುಟ್ಟಿಸುತ್ತೆ, ದನಿ ಅಲ್ಲಿಂದ ಬರುತ್ತೆ. ಹೇಗೋ ಏನೋ ಅಂತ ಹೆದರ್ಕೊಂಡೇ ಅಪ್ಪನ್ನ ಕೇಳಿದೆ. ರಬ್ಬರಾದ್ರೆ ಆಗ್ಬೋದು ಕಣವ್ವ ಅಂದ.

ಬೇಲೂರಲ್ಲಿ ಒಬ್ಬ ಸ್ಟುಡಿಯೋ ಇಟ್ಟಿದ್ದ. ಅವನ ಹತ್ರ ಮಾರೋಕೆ ಮೂರು ಪ್ಯಾಡ್ ಇದೆ, ಹೋದ್ರೆ ತಟ್ಟಿ ನೋಡೋಕೆ ಬಿಡ್ತಾನೆ ಅಂತ ಗೊತ್ತಾಯ್ತು. ಬೆಳಿಗ್ಗೆ ಬಸ್ಸು ಹತ್ತಿದ್ವಿ. ಹಳೇಬೀಡಲ್ಲಿ ಪ್ರವಾಸಿಗಳು ತುಂಬ್ಕೊಂಡು ನಿಲ್ಲೋಕೂ ಜಾಗ ಇಲ್ಲದ ಹಾಗಾಯ್ತು. ಅಪ್ಪ ಮಾತ್ರ ಕಂಬಿ ಮೇಲೆ ತಾಳ ಹಾಕ್ಕೊಂಡು ಕಿಟಕಿ ಆಚೆ ನೋಡ್ತಿದ್ದ.

ಸ್ಟುಡಿಯೋದವನು ನನ್ನ ವಯಸ್ಸಿನವನೇ. ಮಾತು ಬೆಣ್ಣೆ. ಯಾವ ಊರು, ಅಪ್ಪ ಏನ್ಮಾಡ್ತಿದ್ರು, ಹಾಡು ಯಾವ ಕಾರ್ಯಕ್ರಮಕ್ಕೆ ಅಂತೆಲ್ಲ ವಿಚಾರಿಸಿದ. ವಿಹಾರ ಅನ್ನೋ ಮಾತು ಬಂದ ಮೇಲೆ ಅವನಿಗೆ ತಿಳೀಬೇಕಾದ್ದು ತಿಳೀತು. ಕಾಫಿ ಬಂತು. ಅವನಿಗೆ ಸ್ಟೀಲ್ ಲೋಟ, ನಮಗೆ ಪೇಪರ್ ಕಪ್. ಬಂದೋರಿಗೆಲ್ಲ ಪೇಪರ್ ಕಪ್ಪೇ ಕೊಡ್ತಾನೇನೋ, ಇರಬಹುದು. ಈ ಇರಬಹುದು ಅನ್ನೋದನ್ನ ನುಂಗಿ ನುಂಗಿ ನನ್ನ ಗಂಟಲು ಸವೆದು ಹೋಗಿದೆ. ಅಪ್ಪನಿಗೆ ಕಪ್ಪು ಹಿಡಿಯೋಕೆ ನಾನು ಸಹಾಯ ಮಾಡಿದೆ. ಕುಡಿದು ಇಟ್ವಿ. ನಾನು ಪೆನ್‌ಡ್ರೈವಲ್ಲಿ ತಂದಿದ್ದ ತಮಟೆ ಏಟುಗಳನ್ನ ಅವನು ತನ್ನ ಕಂಪ್ಯೂಟರಿಗೆ ಹಾಕಿ ಪ್ಯಾಡಿಗೆ ಜೋಡಿಸಿದ.

ಮೊದಲನೇ ಪ್ಯಾಡು ಥಳಥಳ ಅಂತಿತ್ತು, ಒಳಗೆ ದೀಪ ಬೇರೆ. ಚೌಕಗಳು ಬೆಂಕಿಪೊಟ್ಟಣದಷ್ಟು. ರಬ್ಬರೋ ಕಲ್ಲು. ಮೆಲ್ಲಗೆ ತಟ್ಟಿದ್ರೆ ದನಿಯೇ ಇಲ್ಲ, ಸ್ವಲ್ಪ ಜೋರು ತಟ್ಟಿದ್ರೆ ಎಲ್ಲ ಏಟೂ ಒಂದೇ ಜೋರು. ಅದರಲ್ಲಿ ಮತ್ತೆ ಗಿರಣಿನೇ ಬರ್ತಿತ್ತು. ಹೆಚ್ಚು ಮಾರಾಟ ಆಗೋದು ಇದೇ ಮೇಡಂ ಅಂದ. ಆಗಲಿ, ನನಗೇನು.

ಎರಡನೇದು ದೊಡ್ಡದು, ಮೆತ್ತಗಿತ್ತು, ಉಸಿರು ತಾಕಿದ್ರೂ ದನಿ ಕೊಡೋ ಅಷ್ಟು ಸೂಕ್ಷ್ಮ. ನಾನು ತಟ್ಟಿದಾಗ ಬಲು ಚೆನ್ನಾಗಿತ್ತು. ಅಪ್ಪ ಬೆರಳಿಟ್ಟ. ಒಂದು ಏಟು ಹೊಡೆದ್ರೆ ಎರಡು ಕೇಳಿಸ್ತು, ಇನ್ನೊಂದಕ್ಕೆ ಮೂರು. ಪ್ಯಾಡು ಅವನ ನಡುಕವನ್ನೂ ಒಂದೊಂದು ಏಟು ಅಂತ ಲೆಕ್ಕ ಹಾಕ್ತಿತ್ತು. ಅಪ್ಪ ಕೈ ಹಿಂದಕ್ಕೆ ತಗೊಂಡು ತೊಡೆ ಕೆಳಗೆ ಇಟ್ಕೊಂಡ. ಅದನ್ನ ನೋಡಿ ನನಗೆ ಅಳು ಬರಬೇಕಿತ್ತು, ಬಂದಿದ್ದು ಸಿಟ್ಟು. ನಡುಗೋ ಕೈ ಅಂತ ಒಂದು ಲೋಕದಲ್ಲಿದೆ ಅನ್ನೋದೇ ಇದನ್ನ ಮಾಡಿದೋರಿಗೆ ಹೊಳೀಲಿಲ್ವಲ್ಲ. ಯಜಮಾನ್ರಿಗೆ ಯಾಕೆ ಮೇಡಂ ತೊಂದರೆ, ನೀವೇ ಬಾರಿಸಿ ಅಂದ ಅವನು. ಮೂರನೇದು ತೆಗೀರಿ ಅಂದೆ.

ಮೂರನೇದು ಹಳೇದು, ಅಂಚೆಲ್ಲ ಕೆತ್ತಿ ಹೋಗಿತ್ತು. ದೀಪ ಗೀಪ ಇಲ್ಲ. ಆದ್ರೆ ರಬ್ಬರು ದಪ್ಪ, ಚೌಕ ಅಂಗೈಯಗಲ, ಜೊತೆಗೆ ಎಷ್ಟು ಸಣ್ಣ ತಾಕನ್ನ ಬಿಟ್ಟುಬಿಡಬೇಕು ಅಂತ ಅದಕ್ಕೆ ಹೇಳಿಕೊಡಬಹುದಿತ್ತು. ಅಪ್ಪನ್ನ ಸುಮ್ಮನೆ ಬೆರಳಿಡೋಕೆ ಹೇಳಿದೆ. ನಡುಕಕ್ಕೆ ದನಿ ಬರದೆ ಇರೋವರೆಗೂ ಒಂದೊಂದೇ ಮಟ್ಟ ಏರಿಸ್ತಾ ಹೋದೆ. ಆಮೇಲೆ ಬಾರಿಸು ಅಪ್ಪ ಅಂದೆ. ಎರಡು ಸಣ್ಣ ಏಟು ಬಂತು, ಬೇರೆ ಬೇರೆ ತೂಕದಲ್ಲಿ. ಆಮೇಲೆ ಆ ಮೂರನೇದು, ತಡವಾಗಿ, ಧಂ ಅಂತ. ಕಂಬಿ ಮೇಲೆ ಕೇಳಿದ್ದು ಇವತ್ತು ತಮಟೆಯಾಗಿ ಕೇಳಿಸ್ತು. ಅಪ್ಪ ಕಣ್ಣು ಮುಚ್ಚಿ ಬಾರಿಸ್ತಾನೇ ಹೋದ, ರೆಕಾರ್ಡ್ ಆಗ್ತಾನೇ ಇತ್ತು.

ಸ್ಟುಡಿಯೋದವನೂ ತಲೆ ಆಡಿಸ್ದ. ಅಷ್ಟಕ್ಕೇ ಸುಮ್ಮನಿದ್ದಿದ್ರೆ ಅವನ ಗಂಟೇನು ಹೋಗ್ತಿತ್ತೋ.

"ನಿಮ್ಮೋರಿಗೆ ರಕ್ತದಲ್ಲೇ ಬಂದಿರುತ್ತೆ ಬಿಡಿ ಮೇಡಂ" ಅಂದ. "ನಿಮಗೆಲ್ಲ ಪ್ಯಾಡ್ ಯಾಕೆ?"

ನಮ್ಮಪ್ಪ ಜೀವಮಾನವೆಲ್ಲ ಬೋರ್ಡಿನ ಮೇಲೆ ಗಣಿತ ಬರೆದವನು. ಲೆಕ್ಕ ರಕ್ತದಲ್ಲೇ ಬಂದಿದೆ ಮೇಷ್ಟ್ರೇ ಅಂತ ಒಬ್ಬನಾದ್ರೂ ಒಂದು ದಿನ ಅಂದಿದ್ನಾ? ತಮಟೆ ಮಾತ್ರ ರಕ್ತದಲ್ಲಿ ಬರುತ್ತಂತೆ. ಕಲಿಯೋಕೆ ತಿಂದ ಪೆಟ್ಟು, ಬೊಬ್ಬೆ ಎದ್ದ ಬೆರಳು, ಇದು ಯಾವುದೂ ಲೆಕ್ಕಕ್ಕಿಲ್ಲ. ನನ್ನ ಪಿತ್ತ ನೆತ್ತಿಗೇರಿತ್ತು, ಆದ್ರೂ ಹಲ್ಲು ಕಚ್ಚಿ ಕೂತಿದ್ದೆ. ಅಷ್ಟರಲ್ಲಿ ಅವನು ಪರದೆ ಕಡೆ ಬಗ್ಗಿ ನೋಡಿ, ಒಂದು ಕೀ ಒತ್ತಿದ. ಗೆರೆಯಿಂದ ಆಚೆ ಬಿದ್ದಿದ್ದ ಮೂರನೇ ಏಟುಗಳೆಲ್ಲ ಒಂದೇ ಸಲಕ್ಕೆ ಸಾಲಾಗಿ ಗೆರೆ ಮೇಲೆ ಬಂದು ನಿಂತವು. ಸ್ವಲ್ಪ ತಡ ಆಗ್ತಿತ್ತು, ಸರಿ ಮಾಡ್ದೆ ಅಂದ. ನಗ್ತಾ ಅಂದ.

"ಸರಿ ಮಾಡಿ ಅಂತ ನಿಮಗೆ ಯಾರ್ರೀ ಹೇಳಿದ್ದು?" ಅಂದೆ. "ಅದು ನಮ್ಮಪ್ಪನ ಏಟು. ಹೆಂಗಿತ್ತೋ ಹಂಗೇ ಇಡ್ರೀ."

ನನ್ನ ದನಿ ಕ್ಲಾಸ್‌ರೂಮಿಂದ ಗೇಟಿನವರೆಗೆ ಹೋಗೋ ದನಿ. ಅವನ ಮುಖ ಬಿಳಿಚಿಕೊಳ್ತು. ಮೊದಲಿನ ಹಾಗೇ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಟ್ಟ. ಚೌಕಾಸಿ ಮಾಡೋ ತಾಳ್ಮೆ ನನಗಿರಲಿಲ್ಲ. ಮೂರನೇ ಪ್ಯಾಡ್ ತಗೊಂಡು ಹೊರಗೆ ಬಂದೆ. ಜಾವಗಲ್ ಬರೋವರೆಗೂ ಅವನಿಗೆ ಉಗೀತಾನೇ ಇದ್ದೆ. ಪಕ್ಕದ ಸೀಟಿನೋರು ತಿರುಗಿ ತಿರುಗಿ ನೋಡಿದ್ರು. ಅಪ್ಪ ಪ್ಯಾಡಿನ ಪೆಟ್ಟಿಗೆ ತೊಡೆ ಮೇಲೆ ಇಟ್ಕೊಂಡು ಕೂತಿದ್ದ. ಕಂಬಿ ಮೇಲೆ ತಾಳ ಹಾಕಲಿಲ್ಲ.

ಮಾರನೇ ದಿನ ಬೆಳಿಗ್ಗೆ ಮನೇಲಿ ಹಾಡಿಗೆ ಅದನ್ನ ಕೂರಿಸಿದೆ. ನನ್ನದೂ ಒಂದು ಕೈಚಳಕ ಇರಲಿ ಅಂತ ವಿಹಾರದ ಗಂಟೆಯ ದನಿ ಸೇರಿಸಿದೆ. ಮೂರನೇ ಏಟು ಬೀಳಬೇಕಾದ ಗೆರೆ ಮೇಲೆ ಗಂಟೆ, ಅದರ ಹಿಂದೆ ಕೂದಲೆಳೆ ತಡವಾಗಿ ಅಪ್ಪನ ಧಂ. ಗಂಟೆಗೆ ಏಟು ಉತ್ತರ ಕೊಡೋ ಹಾಗೆ ಬಂತು. ಅಷ್ಟು ಚೆಂದ ಬಂದಿತ್ತು ಅಂದ್ರೆ, ಅಪ್ಪನ್ನ ಕರೆದು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಮುಖ ನೋಡ್ತಾ ನಿಂತೆ.

ಒಂದು ಸುತ್ತು ಮುಗಿಯೋ ಮುಂಚೆಯೇ ಅಪ್ಪ ಹೆಡ್‌ಫೋನ್ ತೆಗೆದ. ಮುಖ ಕಪ್ಪಿಟ್ಟಿತ್ತು. ಗಂಟೆ ಹಾಕು ಅಂತ ಯಾರು ಹೇಳಿದ್ರು ನಿಂಗೆ ಅಂತ ಕೇಳಿದ. ಯಾರೂ ಇಲ್ಲ, ನಿನ್ನ ಏಟಿನ ಸೊಗಸು ಎದ್ದು ಕಾಣ್ಲಿ ಅಂತ ನಾನೇ ಹಾಕ್ದೆ ಅಂದೆ.

"ಅದು ಸೊಗಸಲ್ಲ ಕಣವ್ವ" ಅಂದ ಅಪ್ಪ. "ಅದು ಕಾಯೋದು."

ಆಮೇಲೆ ಹೇಳಿದ. ಯಾವತ್ತೂ ಹೇಳದೇ ಇದ್ದದ್ದನ್ನ ಪಾಠ ಮಾಡೋ ದನಿಯಲ್ಲೇ ಹೇಳಿದ. ಊರ ಗುಡಿ ಹತ್ರ ನಮ್ಮೋರು ಹೋಗೋ ಹಾಗಿರಲಿಲ್ಲ. ಬೀದಿ ಕೊನೇಲಿ ಒಂದು ನಟ್ಟ ಕಲ್ಲಿತ್ತು, ತಮಟೆಯವರು ನಿಲ್ಲಬೇಕಾದ್ದು ಅದರ ಆಚೆ. ಅಲ್ಲಿಂದ ಮಂಗಳಾರತಿ ಕಾಣೋದಿಲ್ಲ. ಸಣ್ಣ ಏಟು ಹೊಡೀತಾ ಇರಬೇಕು, ಒಳಗೆ ಗಂಟೆ ಆಯ್ತು ಅಂತ ಕಿವಿಗೆ ಬಿದ್ದು, ಅದು ಗಂಟೆಯೇ ಅಂತ ಖಾತ್ರಿ ಆದ ಮೇಲೆ ದೊಡ್ಡ ಏಟು ಹೊಡೀಬೇಕು. ಒಂದು ಸಲ ಗಾಳಿಗೆ ಏನೋ ಸದ್ದಾಗಿ ತಾತ ಗಂಟೆಗಿಂತ ಮುಂಚೆ ಹೊಡೆದುಬಿಟ್ಟ. ದೇವರಿಗಿಂತ ನೀನು ಮುಂದೋ ಅಂತ ಅವನನ್ನ ಆ ಕಲ್ಲಿಗೇ ಕಟ್ಟಿ ಹೊಡೆದ್ರು. ಅಪ್ಪ ನೋಡ್ತಾ ನಿಂತಿದ್ದ. ಅವತ್ತಿಂದ ನಮ್ಮ ಮನೆಯವರ ಕೈ ಮೂರನೇ ಏಟಿಗೆ ಒಂದು ಕ್ಷಣ ನಿಲ್ಲೋದು ಕಲೀತು. ಗಂಟೆ ಇದ್ರೂ ನಿಲ್ಲುತ್ತೆ, ಇಲ್ಲದಿದ್ರೂ ನಿಲ್ಲುತ್ತೆ. ಮೇಜಿನ ಮೇಲೂ ನಿಲ್ಲುತ್ತೆ.

ನಾನು ಹೋಗಿ ಹೋಗಿ ಆ ಏಟಿನ ಮುಂದೆ ಮತ್ತೆ ಗಂಟೆ ತಂದು ಕಟ್ಟಿದ್ದೆ.

ಎಷ್ಟು ಸಿಟ್ಟು ಬಂತು ಅಂದ್ರೆ ಯಾರ ಮೇಲೆ ಅಂತ ತಿಳೀಲಿಲ್ಲ. ಸ್ಟುಡಿಯೋದವನ ಮೇಲೆ ಬಂದಿದ್ದು ಇದರ ಮುಂದೆ ಏನೂ ಅಲ್ಲ. ಕಟ್ಟಿ ಹೊಡೆದವರು ಸತ್ತು ಮಣ್ಣಾಗಿದ್ದಾರೆ, ಆ ಪೆಟ್ಟು ನಮ್ಮಪ್ಪನ ಬೆರಳಲ್ಲಿ ಇನ್ನೂ ಬದುಕಿದೆ, ನಾನು ಅದನ್ನ ಚೆಂದ ಚೆಂದ ಅಂತ ಕೇಳ್ಕೊಂಡು ಬೆಳೆದಿದ್ದೀನಿ. ಹಾಗಾದ್ರೆ ಅವನು ಕೀ ಒತ್ತಿ ಮಾಡಿದ್ದೇ ಸರಿನಾ ಅಪ್ಪ ಅಂತ ರೇಗಿದೆ.

"ಅವನು ಸರಿಸಿದ್ರೆ ನನ್ನ ತಿದ್ದಿದ ಹಂಗೆ" ಅಂದ ಅಪ್ಪ. "ನಾನು ಸರಿಸ್ಕೊಂಡ್ರೆ ಬೇರೆ. ಪೆಟ್ಟಿಗೆ ಕೊಡು ಇಲ್ಲಿ."

ಗಂಟೆ ತೆಗೀಲಾ ಅಂತ ಕೇಳಿದೆ. ಬೇಡ, ಇರಲಿ ಅಂದ. ಪ್ಯಾಡ್ ಮುಂದಿಟ್ಟು ರೆಕಾರ್ಡ್ ಒತ್ತಿದೆ. ಅಪ್ಪ ಬಲಗೈಯ ಮಣಿಕಟ್ಟನ್ನ ಎಡಗೈಯಿಂದ ಹಿಡ್ಕೊಂಡು ಬಾರಿಸೋಕೆ ಶುರು ಮಾಡಿದ. ಮೊದಮೊದಲು ಏಟು ಹಳೇ ಜಾಗದಲ್ಲೇ ಬೀಳ್ತಿತ್ತು, ಗಂಟೆ ಹಿಂದೆ. ಬೈಕೊಂಡ, ತನ್ನ ಕೈಯನ್ನೇ ಬೈಕೊಂಡ. ಮತ್ತೆ ಬಾರಿಸಿದ. ಕ್ಲಾಸಲ್ಲಿ ಒಂದೇ ಲೆಕ್ಕ ಹತ್ತು ಸಲ ಮಾಡಿಸೋ ಮೇಷ್ಟ್ರು ಅವನು, ಬಿಡೋ ಪೈಕಿ ಅಲ್ಲ. ಹಣೆ ಬೆವರಿತ್ತು. ಸಾಕು ಅಪ್ಪ ಅಂದ್ರೂ ಕೇಳಲಿಲ್ಲ. ಕೊನೆಗೆ ಏಟು ಸರಿಯಾಗಿ ಗಂಟೆ ಜೊತೆಗೇ ಬಿತ್ತು. ಇನ್ನೊಂದು ಸಲವೂ ಬಿತ್ತು. ನಾನು ನಿಲ್ಲಿಸೋಕೆ ಕೈ ಎತ್ತಿದೆ, ಅಪ್ಪ ತಲೆ ಅಲ್ಲಾಡಿಸಿದ. ಮುಂದಿನ ಸುತ್ತಿಗೆ ಎರಡು ಸಣ್ಣ ಏಟು ಆದ ತಕ್ಷಣ, ಗಂಟೆ ಇನ್ನೂ ಬರೋದಕ್ಕೆ ಮುಂಚೆ, ಧಂ ಅಂತ ಹೊಡೆದ. ಪರದೆ ಮೇಲೆ ಅದು ಗೆರೆಯಿಂದ ಈಚೆಗೆ ಬಿದ್ದಿತ್ತು. ಆಮೇಲೆ ಎಲ್ಲ ಸುತ್ತಲ್ಲೂ ಹಾಗೇ ಹೊಡೆದ.

ನಿಲ್ಲಿಸಿದ ಮೇಲೆ, ಅಪ್ಪ, ಮುಂಚೆ ಬಿದ್ದೈತಲ್ಲ ಅಂದೆ.

"ಬೀಳ್ಲಿ ಬಿಡು" ಅಂದ. "ಈ ಸಲ ಗಂಟೆ ಕಾಯ್ಲಿ."